ತಲೆಗೆ ಬಂದದ್ದು ಮುಂಡಾಸಿಗೆ ಹೋದಾಗ

(ರಸ್ತೆ ಸುರಕ್ಷತೆಯನ್ನು ಕುರಿತು ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರಸ್ತೆ ಸುರಕ್ಷತೆಯ ಬಗೆಗೆ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನನ್ನನ್ನು ಬರಮಾಡಿಕೊಂಡಿದ್ದೀರಿ. ನಾನು ಪೊಲೀಸ್ ಅಧಿಕಾರಿಯೂ ಅಲ್ಲ, ಎಂಜಿನಿಯರನೂ ಅಲ್ಲ. ಸಚಿವಾಲಯದಲ್ಲಿ ಅನುವಾದಕನಾಗಿದ್ದು, ಅಧಿನಿಯಮಗಳನ್ನೂ ಅಧಿಸೂಚನೆಗಳನ್ನೂ ಕನ್ನಡಕ್ಕೆ ತರುವುದು ನನ್ನ ವೃತ್ತಿ. ಅದರ ಜೊತೆಗೆ ಸುಮಾರು ಇಪ್ಪತ್ತು ವರ್ಷಗಳಿಂದ ಇದೇ ದೆಹಲಿಯ ರಸ್ತೆಗಳಲ್ಲಿ ಮೋಟಾರ್ ಸೈಕಲ್ ಓಡಿಸುತ್ತಿದ್ದೇನೆ. ಈ ಎರಡನೆಯ ಅರ್ಹತೆಯ ಬಲದಿಂದಲೇ ಇಂದು ತಮ್ಮ ಮುಂದೆ ನಿಂತಿದ್ದೇನೆ.

ಅನುವಾದಕನ ಮೇಜಿನ ಮೇಲೆ ಆಗಾಗ ಬರುವ ಇಂಗ್ಲಿಷಿನ ಒಂದು ಮಾತು 'ನಿಯರ್ ಮಿಸ್'. ಅಪಘಾತ ಆಗಿಯೇ ಬಿಡಬೇಕಿತ್ತು, ಆದರೆ ಆಗಲಿಲ್ಲ ಎಂಬ ಸಂದರ್ಭಕ್ಕೆ ಆ ಹೆಸರು. 'ಕೂದಲೆಳೆಯ ಅಂತರದಲ್ಲಿ ಪಾರಾಗುವುದು' ಎಂದು ನಾವು ಬರೆಯುತ್ತೇವೆ. ಆದರೆ ನಮ್ಮ ಹಿರಿಯರು ಇದಕ್ಕಿಂತ ಒಳ್ಳೆಯ ಮಾತನ್ನು ಆಡುತ್ತಿದ್ದರು: "ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು." ಚೆನ್ನೈಯಲ್ಲಿರುವ ನಮ್ಮವರು ಇದೇ ಗಾದೆಯನ್ನು ತಮಿಳಿನಲ್ಲಿಯೂ ಕೇಳಿರುತ್ತಾರೆ. ಈ ಮಾತನ್ನಾಡಿ ನಾವು ನಿಟ್ಟುಸಿರು ಬಿಡುತ್ತೇವೆ, ದೇವರಿಗೆ ಕೈಮುಗಿಯುತ್ತೇವೆ, ಮತ್ತು ಮರುದಿನವೇ ಅದನ್ನು ಮರೆಯುತ್ತೇವೆ. ಹಾಗೆ ಮರೆಯಬಾರದು ಎಂಬುದನ್ನೂ, ಪಾರಾದ ಕೂಡಲೇ ಬರುವ ಐದು ನಿಮಿಷಗಳಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಬಹು ಮುಖ್ಯವಾದುದು ಎಂಬುದನ್ನೂ ಹೇಳುವುದು ಈ ಉಪನ್ಯಾಸದ ಉದ್ದೇಶ.

ಪಾರಾಗದವರ ಸಂಖ್ಯೆ

ಮೊದಲಿಗೆ ಪಾರಾಗದೆ ಹೋದವರನ್ನು ನೆನೆಯೋಣ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿಗಳ ಸಚಿವಾಲಯದ ವರದಿಯಂತೆ 2022ನೆಯ ವರ್ಷದಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತಪಟ್ಟರು. ಇವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಸವಾರರು ಮತ್ತು ಹಿಂಬದಿಯಲ್ಲಿ ಕುಳಿತವರು. ಶಿರಸ್ತ್ರಾಣ ಧರಿಸದೆ ಸತ್ತವರು ಅದೇ ವರ್ಷ 50,029 ಮಂದಿ. ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ವಾಹನ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು.

ಕನ್ನಡಿಗರಿಗೆ ಇಲ್ಲಿ ಒಂದು ಹೆಸರು ನೆನಪಾಗದಿರದು. ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಅವರು 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಸ್ನೇಹಿತರ ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ ಹೋಗುತ್ತಿದ್ದಾಗ ಅಪಘಾತಕ್ಕೀಡಾಗಿ, ತಲೆಗೆ ಆದ ಪೆಟ್ಟಿನಿಂದ ತೀರಿಕೊಂಡರು. ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದರು.

ಒಂದು ಸಂಜೆಯ ಅನುಭವ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗಳಿಗೆ ಆಗ ಹದಿಮೂರು ವರ್ಷ. ರಾಮಕೃಷ್ಣಪುರದಲ್ಲಿ ಕನ್ನಡ ಕಾರ್ಯಕ್ರಮವೊಂದನ್ನು ಮುಗಿಸಿಕೊಂಡು ನಾವಿಬ್ಬರೂ ರಿಂಗ್ ರಸ್ತೆಯಲ್ಲಿ ಮೋತಿಬಾಗ್ ಕಡೆಯಿಂದ ಸಫ್ದರ್‌ಜಂಗ್ ಆಸ್ಪತ್ರೆಯ ಕಡೆಗೆ ಬರುತ್ತಿದ್ದೆವು. ಇಬ್ಬರೂ ಹೆಲ್ಮೆಟ್ ಧರಿಸಿದ್ದೆವು. ಸರೋಜಿನಿ ನಗರದ ಕಡೆಗೆ ಎಡಕ್ಕೆ ತಿರುಗುವ ಸ್ಥಳದಲ್ಲಿ ಕಾರೊಂದು ನಮ್ಮ ಬಲಗಡೆಯಿಂದ ಮುಂದೆ ಬಂದು, ಸೂಚನೆಯ ದೀಪವನ್ನೂ ಹಾಕದೆ, ನಮ್ಮ ಮುಂದಿನ ಚಕ್ರಕ್ಕೆ ಅಡ್ಡಲಾಗಿ ಎಡಕ್ಕೆ ತಿರುಗಿತು. ಬ್ರೇಕು ಹಿಡಿಯಿತು. ವಾಹನ ಓಲಾಡಿತು, ಆದರೆ ಬೀಳಲಿಲ್ಲ. ಕಾರಿನ ಹಿಂಭಾಗ ನನ್ನ ಮೊಣಕಾಲನ್ನು ಸವರಿದಂತೆ ಹಾದುಹೋಯಿತು.

ನಾವು ಹೋಗಬೇಕಾಗಿದ್ದ ದಾರಿ ನೇರವಾಗಿತ್ತು. ಆದರೂ ನಾನು ಎಡಕ್ಕೆ ತಿರುಗಿಸಿದೆ. ಆ ಕಾರನ್ನು ಹಿಡಿದು ನಿಲ್ಲಿಸಿ ಅದರ ಚಾಲಕನಿಗೆ ಬುದ್ಧಿ ಕಲಿಸಬೇಕೆಂಬುದೊಂದೇ ಆಗ ನನ್ನ ತಲೆಯಲ್ಲಿದ್ದುದು. ಎರಡು ವಾಹನಗಳ ನಡುವೆ ನುಸುಳಿದೆ, ವೇಗವೆಷ್ಟಿತ್ತೆಂದು ನೋಡಲಿಲ್ಲ. ಮುಂದಿನ ಸಿಗ್ನಲ್ಲಿನಲ್ಲಿ ಕಾರು ಸಿಕ್ಕಿತು. ಗಾಜನ್ನು ತಟ್ಟಿ, ನನಗೆ ಬರುವ ಹಿಂದಿಯಲ್ಲಿ ಕೂಗಾಡಿದೆ. ಚಾಲಕ ಇಪ್ಪತ್ತರ ಆಸುಪಾಸಿನ ಹುಡುಗ. ಏನಾಯಿತೆಂಬುದೇ ಅವನಿಗೆ ತಿಳಿದಿರಲಿಲ್ಲ. "ಯಾವಾಗ? ಎಲ್ಲಿ?" ಎಂದು ಕೇಳಿದ. ಹಸಿರು ದೀಪ ಬಂತು, ಅವನು ಹೊರಟುಹೋದ. ಹಿಂದಿನ ವಾಹನಗಳೆಲ್ಲ ನನಗೆ ಹಾರನ್ ಹೊಡೆಯತೊಡಗಿದವು.

ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ ಮಗಳು ಹೇಳಿದಳು: "ಕಾರು ಅಡ್ಡ ಬಂದಾಗ ನನಗೆ ಅಷ್ಟು ಹೆದರಿಕೆ ಆಗಲಿಲ್ಲ ಅಪ್ಪ. ನೀವು ಅದರ ಹಿಂದೆ ಬಿದ್ದಿರಲ್ಲ, ಆಗ ತುಂಬ ಹೆದರಿಕೆ ಆಯ್ತು." ನನ್ನ ಅಂಗಿಯನ್ನು ಹಿಡಿದುಕೊಂಡಿದ್ದ ಅವಳ ಕೈ ಬಿಗಿಯಾದುದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ವೇಗ ತಗ್ಗಿಸಿರಲಿಲ್ಲ.

ಕಾರಿನವನ ತಪ್ಪು ತಪ್ಪೇ. ಆದರೆ ಅಂದು ನನ್ನ ಮಗಳನ್ನು ಎರಡನೆಯ ಬಾರಿ ಅಪಾಯಕ್ಕೆ ಒಡ್ಡಿದವನು ನಾನು. ಅವನು ಅಜಾಗರೂಕತೆಯಿಂದ ಮಾಡಿದುದನ್ನು ನಾನು ತಿಳಿದೂ ತಿಳಿದೂ ಮಾಡಿದ್ದೆ. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?" ಎಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದೆನಾದರೂ ಅದರ ಅರ್ಥ ಅಂದು ಆದಂತೆ ಹಿಂದೆಂದೂ ಆಗಿರಲಿಲ್ಲ.

ಪಾರಾದುದು ಒಂದು ಎಚ್ಚರಿಕೆಯ ಪತ್ರ

ಅಮೆರಿಕದ ವಿಮಾ ಸಂಸ್ಥೆಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ ಎಂಬುವರು ಕಾರ್ಖಾನೆಗಳ ಅಪಘಾತಗಳನ್ನು ಪರಿಶೀಲಿಸಿ 1931ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಒಂದು ಭಾರಿ ಗಾಯದ ಹಿಂದೆ 29 ಸಣ್ಣ ಗಾಯಗಳೂ, ಗಾಯವೇ ಇಲ್ಲದೆ ಮುಗಿದ 300 ಘಟನೆಗಳೂ ಇರುತ್ತವೆಂಬುದು ಅವರ ಲೆಕ್ಕ. ಈ ಸಂಖ್ಯೆಗಳನ್ನು ಮುಂದಿನವರು ಪ್ರಶ್ನಿಸಿದ್ದಾರೆ. ಆದರೆ ಗಾಯವಿಲ್ಲದೆ ಮುಗಿದ ಘಟನೆಯನ್ನೂ ದಾಖಲಿಸಿ ಅದರಿಂದ ಪಾಠ ಕಲಿಯಬೇಕೆಂಬ ತತ್ತ್ವವನ್ನು ಕೈಗಾರಿಕೆಗಳು ಒಪ್ಪಿಕೊಂಡವು. ವಿಮಾನಯಾನದಲ್ಲಿಯೂ ಎರಡು ವಿಮಾನಗಳು ಇರಬೇಕಾದುದಕ್ಕಿಂತ ಹತ್ತಿರ ಹಾದುಹೋದರೆ, ಯಾರಿಗೂ ಏನೂ ಆಗದಿದ್ದರೂ, ವರದಿ ಮತ್ತು ತನಿಖೆ ನಡೆಯುತ್ತವೆ.

ದ್ವಿಚಕ್ರ ವಾಹನದ ಸವಾರನಿಗೆ ಅಂಥ ತನಿಖಾಧಿಕಾರಿ ಯಾರೂ ಇಲ್ಲ. ತನ್ನ ವರದಿಯನ್ನು ತಾನೇ ಬರೆದುಕೊಳ್ಳಬೇಕು. ಅಂದು ರಾತ್ರಿ ನಾನು ಹಾಗೆ ಮಾಡಿದೆ. ಮೂರು ಪ್ರಶ್ನೆಗಳನ್ನು ಹಾಕಿಕೊಂಡೆ. ಒಂದು, ನಾನು ರಸ್ತೆಯ ಯಾವ ಭಾಗದಲ್ಲಿದ್ದೆ? ಎರಡು, ನನ್ನ ವೇಗವೆಷ್ಟಿತ್ತು? ಮೂರು, ಅಪಾಯದ ಮೊದಲ ಸೂಚನೆ ಯಾವಾಗ ಕಂಡಿತು? ಉತ್ತರಗಳು ನನಗೆ ಹಿತವಾಗಿರಲಿಲ್ಲ. ಎಡತಿರುವು ಹತ್ತಿರವಾಗುತ್ತಿದ್ದಾಗ ನಾನು ಕಾರಿನ ಹಿಂದಿನ ಬಾಗಿಲಿನ ನೇರಕ್ಕೆ, ಅಂದರೆ ಚಾಲಕನ ಕನ್ನಡಿಗೆ ಕಾಣದ ಜಾಗದಲ್ಲಿ, ಹೋಗುತ್ತಿದ್ದೆ. ಕಾರು ನಿಧಾನವಾದುದನ್ನೂ ಅದರ ಮುಂದಿನ ಚಕ್ರ ಎಡಕ್ಕೆ ಹೊರಳಿದುದನ್ನೂ ನಾನು ಕಂಡಿದ್ದೆ. ಆಗಲೇ ವೇಗ ತಗ್ಗಿಸಿದ್ದರೆ ಈ ಉಪನ್ಯಾಸದ ಪ್ರಮೇಯವೇ ಬರುತ್ತಿರಲಿಲ್ಲ.

'ತಪ್ಪು ಯಾರದು' ಎಂಬುದು ನ್ಯಾಯಾಲಯದ ಪ್ರಶ್ನೆ. 'ನಾನು ಏನು ಮಾಡಬಹುದಿತ್ತು' ಎಂಬುದು ನಾಳೆ ಬೆಳಗ್ಗೆ ಮತ್ತೆ ಅದೇ ರಸ್ತೆಯಲ್ಲಿ ಹೋಗಬೇಕಾದವನ ಪ್ರಶ್ನೆ. ಎರಡನೆಯದನ್ನು ಕೇಳಿಕೊಂಡ ಮಾತ್ರಕ್ಕೆ ಮೊದಲನೆಯದರಲ್ಲಿ ನಾವು ಸೋತಂತೆ ಆಗುವುದಿಲ್ಲ.

ಅಪಾಯ ಎಲ್ಲಿಂದ ಬರುತ್ತದೆ

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಎಂಬ ಸಂಶೋಧಕರು ಲಾಸ್ ಏಂಜಲೀಸ್ ನಗರದಲ್ಲಿ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ನೀಡಿದರು. ಇನ್ನೊಂದು ವಾಹನದೊಡನೆ ನಡೆದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದವರು ಸವಾರನ ಹಕ್ಕಿನ ದಾರಿಯನ್ನು ಅಡ್ಡಗಟ್ಟಿದುದರಿಂದ ಆದವು. ಅವರಿಗೆ ಮೋಟಾರ್ ಸೈಕಲ್ ಕಾಣಿಸಿಯೇ ಇರಲಿಲ್ಲ ಎಂಬುದು ಮುಖ್ಯ ಕಾರಣ. ತಪ್ಪಿಸಿಕೊಳ್ಳಲು ಸವಾರನಿಗೆ ಸಾಮಾನ್ಯವಾಗಿ ಸಿಕ್ಕ ಅವಧಿ ಎರಡು ಸೆಕೆಂಡಿಗಿಂತ ಕಡಿಮೆ. ಆ ನಗರ ಬೇರೆ, ನಮ್ಮ ರಸ್ತೆಗಳು ಬೇರೆ. ಆದರೆ "ಯಾವಾಗ? ಎಲ್ಲಿ?" ಎಂದು ಕೇಳಿದ ಆ ಹುಡುಗನ ಮುಖ ನೆನಪಾದಾಗಲೆಲ್ಲ ಈ ವರದಿ ನನಗೆ ನಿಜವೆನಿಸುತ್ತದೆ. ನಾವು ದುಷ್ಟರೆಂದು ತಿಳಿಯುವ ಚಾಲಕರಲ್ಲಿ ಬಹಳ ಮಂದಿ ನಮ್ಮನ್ನು ನೋಡದವರು.

ಆದುದರಿಂದ 'ನಾನು ಯಾರಿಗೂ ಕಾಣುತ್ತಿಲ್ಲ' ಎಂದು ಭಾವಿಸಿಯೇ ಸವಾರಿ ಮಾಡುವುದು ಕ್ಷೇಮ. ಎದುರಿನಿಂದ ಬಂದು ಬಲಕ್ಕೆ ತಿರುಗಲು ಕಾದಿರುವ ವಾಹನ ನಮಗಾಗಿ ನಿಂತಿದೆಯೆಂದು ನಂಬದೆ ಅದರ ಚಕ್ರವನ್ನು ಗಮನಿಸಬೇಕು. ಬಸ್ಸು ಅಥವಾ ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ ಅವನಿಗೂ ನಾವು ಕಾಣುವುದಿಲ್ಲ. ಉದ್ದನೆಯ ವಾಹನ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಒಳಬದಿಯಲ್ಲಿ ಸಾಗುತ್ತವೆ. ಎಡಗಡೆಯ ಸಂದಿಯಲ್ಲಿ ನುಗ್ಗಿದ ಸವಾರ ಅವುಗಳ ಅಡಿಗೆ ಸಿಲುಕುತ್ತಾನೆ. ಸಾಲಾಗಿ ನಿಂತ ಕಾರುಗಳ ಪಕ್ಕದಲ್ಲಿ ಹೋಗುವಾಗ ಒಂದು ಬಾಗಿಲಿನಷ್ಟು ಅಂತರ ಬಿಡಬೇಕು. ಏಕಮುಖ ರಸ್ತೆಯಲ್ಲಿಯೂ ಎರಡೂ ಕಡೆ ನೋಡಬೇಕಾದುದು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿರುವ ನಮ್ಮವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಮುಂದಿನ ವಾಹನದಿಂದ ಬಿಡುವ ಅಂತರ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಕ್ರಮಿಸುತ್ತದೆ. ಅಪಾಯವನ್ನು ಕಂಡು ಕೈ ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 20 ಮೀಟರ್ ದಾಟಿರುತ್ತೇವೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬವನ್ನು ತಲುಪಲು ಕನಿಷ್ಠ ಮೂರು ಸೆಕೆಂಡಾದರೂ ಆಗಬೇಕು. ಮಳೆಯಲ್ಲಿ ಇನ್ನೂ ಹೆಚ್ಚು.

"ಅಷ್ಟು ಜಾಗ ಬಿಟ್ಟರೆ ಇನ್ನೊಬ್ಬ ಬಂದು ತೂರಿಕೊಳ್ಳುತ್ತಾನೆ" ಎಂದು ತಾವು ಹೇಳಬಹುದು. ನಿಜ, ತೂರಿಕೊಳ್ಳುತ್ತಾನೆ. ತೂರಿಕೊಳ್ಳಲಿ. ನಾವು ಮತ್ತೆ ಸ್ವಲ್ಪ ಹಿಂದೆ ಸರಿಯೋಣ. ಅಂಥವನೊಬ್ಬನಿಂದ ನಮಗಾಗುವ ನಷ್ಟ ಮೂರು ಸೆಕೆಂಡು. ಕಚೇರಿ ತಲುಪುವಷ್ಟರಲ್ಲಿ ಇಪ್ಪತ್ತು ಮಂದಿ ಹಾಗೆ ಬಂದರೂ ಒಂದು ನಿಮಿಷ ತಡವಾಗುತ್ತದೆ. ನನ್ನ ಮೇಲಧಿಕಾರಿಗಳು ಅಷ್ಟನ್ನು ಇದುವರೆಗೆ ಕ್ಷಮಿಸಿದ್ದಾರೆ.

ಆ ಕ್ಷಣದಲ್ಲಿ ಮತ್ತು ಆಮೇಲೆ

ಅಪಾಯ ಎದುರಾದ ಕ್ಷಣದಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಕೈಗಳಿಗೆ ಅಭ್ಯಾಸವಿದ್ದುದೇ ನಡೆಯುತ್ತದೆ. ಹಿಂದಿನ ಬ್ರೇಕನ್ನು ಮಾತ್ರ ತುಳಿಯುವ ರೂಢಿ ನಮ್ಮಲ್ಲಿ ಹೆಚ್ಚು. ವೇಗ ಕುಗ್ಗುವಾಗ ವಾಹನದ ಭಾರ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲನ್ನು ಮುಂದಿನ ಬ್ರೇಕೇ ಮಾಡುತ್ತದೆ. ಎರಡನ್ನೂ ಒಟ್ಟಿಗೆ, ಜಗ್ಗದೆ, ಕ್ರಮವಾಗಿ ಬಿಗಿಗೊಳಿಸುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚು ಸಾಮರ್ಥ್ಯದ ಹೊಸ ಮೋಟಾರ್ ಸೈಕಲ್‌ಗಳಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಡ್ಡಾಯವಾಗಿದೆ. ಹಳೆಯ ವಾಹನಗಳಲ್ಲಿ ಅದು ಇಲ್ಲದಿರಬಹುದು. ಇನ್ನೊಂದು ಮಾತು: ಕಣ್ಣು ಎತ್ತ ನೋಡುತ್ತದೆಯೋ ವಾಹನ ಅತ್ತ ಹೋಗುತ್ತದೆ. ಅಡ್ಡ ಬಂದ ವಾಹನವನ್ನೇ ದಿಟ್ಟಿಸದೆ ಪಾರಾಗುವ ಜಾಗವನ್ನು ನೋಡಬೇಕು.

ಪಾರಾದ ಮೇಲೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಕೋಪ ಉಕ್ಕುತ್ತದೆ. ಇವೆಲ್ಲ ದೇಹದ ಸಹಜ ಧರ್ಮ. ಆ ಸ್ಥಿತಿಯಲ್ಲಿ ವಾಹನ ಓಡಿಸುವುದು ಮಾತ್ರ ತರವಲ್ಲ. ಸುರಕ್ಷಿತವಾದ ಜಾಗ ನೋಡಿ ಎಡಕ್ಕೆ ನಿಲ್ಲಿಸಿ. ಹೆಲ್ಮೆಟ್ ತೆಗೆದು ನೀರು ಕುಡಿಯಿರಿ. ಹಿಂದೆ ಕುಳಿತವರನ್ನು ಮಾತನಾಡಿಸಿ. ಐದು ನಿಮಿಷ ಕಳೆದ ಮೇಲೆ ಹೊರಡಿ. ಅಂದು ನಾನು ಮಾಡಬೇಕಾಗಿದ್ದುದು ಇಷ್ಟೇ.

ಅಪಾಯಕಾರಿ ಚಾಲಕರೊಡನೆ

ನೋಡದವರ ಮಾತಾಯಿತು. ನೋಡಿಯೂ ಬೇಕೆಂದೇ ಮೈಮೇಲೆ ಬರುವವರು, ಹಿಂದಿನಿಂದ ದೀಪ ಮಿನುಗಿಸಿ ಅಟ್ಟುವವರು, ಕುಡಿದು ಓಡಿಸುವವರು ಇಲ್ಲದೆ ಇಲ್ಲ. ಅವರ ಮುಂದೆ ನಮ್ಮ ಧೈರ್ಯವನ್ನು ಸ್ಥಾಪಿಸಬೇಕಾಗಿಲ್ಲ. ಅವರಿಗೆ ದಾರಿ ಬಿಟ್ಟರೆ ಅವರು ನಮ್ಮ ಮುಂದೆ, ನಮ್ಮ ಕಣ್ಣಿಗೆ ಕಾಣುವ ಹಾಗೆ ಇರುತ್ತಾರೆ. ಕೈ ಸನ್ನೆ, ಬೈಗುಳ, ಸ್ಪರ್ಧೆ ಇವು ಯಾವುವೂ ಬೇಡ. ಯಾರಾದರೂ ಬೆನ್ನಟ್ಟಿ ಬಂದರೆ ಮನೆಯ ದಾರಿ ಹಿಡಿಯದೆ ಪೊಲೀಸ್ ಠಾಣೆ, ಪೆಟ್ರೋಲ್ ಬಂಕ್, ಜನರಿರುವ ಅಂಗಡಿಬೀದಿ ಇಂಥ ಕಡೆಗೆ ಹೋಗಬೇಕು.

ಹೊರರಾಜ್ಯಗಳಲ್ಲಿರುವ ನಮಗೆ ಇನ್ನೊಂದು ಸೂಕ್ಷ್ಮವಿದೆ. ರಸ್ತೆಯ ಜಗಳ ಬೇಗನೆ ಭಾಷೆಯ ಜಗಳವಾಗಿ ತಿರುಗುತ್ತದೆ. ಚಕ್ರದ ಬಗೆಗೆ ಆರಂಭವಾದ ಮಾತು 'ನೀವು ಯಾವೂರಿನವರು' ಎಂಬಲ್ಲಿಗೆ ಮುಟ್ಟುತ್ತದೆ. ಕೋಪದಲ್ಲಿ ಪರಭಾಷೆ ನಾಲಗೆಗೆ ಒದಗುವುದಿಲ್ಲ. ಒದಗಿದ ಒರಟು ಪದವೊಂದು ನಾವೆಣಿಸಿದುದಕ್ಕಿಂತ ಆಳವಾಗಿ ನಾಟುತ್ತದೆ. ಆದುದರಿಂದ ನಡುರಸ್ತೆಯಲ್ಲಿ ವಾದಕ್ಕೆ ನಿಲ್ಲದಿರುವುದು ಲೇಸು.

ಹಾಗೆಂದು ಅನ್ಯಾಯವನ್ನು ನುಂಗಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 184ನೆಯ ಪ್ರಕರಣ ಅಪಾಯಕಾರಿ ಚಾಲನೆಯನ್ನು ಕುರಿತದ್ದು. 2019ರ ತಿದ್ದುಪಡಿಯ ಮೇರೆಗೆ ಕೆಂಪು ದೀಪವನ್ನು ದಾಟುವುದು, ಓಡಿಸುವಾಗ ಕೈಯಲ್ಲಿ ಫೋನ್ ಬಳಸುವುದು, ನಿಯಮಕ್ಕೆ ವಿರುದ್ಧವಾಗಿ ಹಿಂದಿಕ್ಕುವುದು, ಸಂಚಾರದ ಎದುರುದಿಕ್ಕಿನಲ್ಲಿ ಬರುವುದು ಇವೂ ಅದರಲ್ಲಿ ಸೇರಿವೆ. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ವಿಧಿಸಬಹುದು. ಹಾಗಾಗಿ ವಾಹನದ ಸಂಖ್ಯೆ, ಬಣ್ಣ, ಸ್ಥಳ, ಸಮಯ ಇವನ್ನು ನೆನಪಿಟ್ಟುಕೊಂಡು, ವಾಹನ ನಿಲ್ಲಿಸಿದ ಮೇಲೆ ಬರೆದುಕೊಂಡು, ಸಂಚಾರ ಪೊಲೀಸರಿಗೆ ದೂರು ಕೊಡಬಹುದು. ತತ್‌ಕ್ಷಣದ ಅಪಾಯವಿದ್ದರೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಸಂಖ್ಯೆಗೆ ಕರೆ ಮಾಡಬಹುದು. ಸ್ಥಳೀಯ ಭಾಷೆ ಚೆನ್ನಾಗಿ ಬಾರದಿದ್ದರೂ ರಸ್ತೆಯ ಹೆಸರು, ಹತ್ತಿರದ ಗುರುತು, ವಾಹನ ಸಾಗಿದ ದಿಕ್ಕು ಈ ಮೂರನ್ನು ಹೇಳಿದರೆ ಸಾಕು.

ಇತರರಿಗೆ ಪೆಟ್ಟು ಬಿದ್ದುದನ್ನು ಕಂಡಾಗ ಪೊಲೀಸು, ಸಾಕ್ಷಿ ಎಂಬ ಅಂಜಿಕೆಯಿಂದ ಮುಂದೆ ಸಾಗಬೇಡಿ. ನೆರವಾದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿಯಿತು. ಅಧಿನಿಯಮದ 134ಎ ಪ್ರಕರಣ ಆ ರಕ್ಷಣೆಗೆ ಶಾಸನದ ಬಲ ಕೊಟ್ಟಿದೆ. ನೆರವಾದವರು ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಗಾಯಗೊಂಡವರಿಗೆ ಮೊದಲ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಿನಲ್ಲಿ ಅಧಿಸೂಚಿಸಿದೆ.

ಮುಂಡಾಸಿನ ಮಾತು

ಕೊನೆಯದಾಗಿ ಗಾದೆಯ ಮುಂಡಾಸಿಗೆ ಬರೋಣ. ಪೆಟ್ಟು ಮುಂಡಾಸಿಗೆ ಹೋಗಬೇಕಾದರೆ ತಲೆಯ ಮೇಲೆ ಮುಂಡಾಸು ಇರಬೇಕಷ್ಟೆ! ಅಧಿನಿಯಮದ 129ನೆಯ ಪ್ರಕರಣದಂತೆ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ, ಓಡಿಸುವವರಾಗಲಿ ಹಿಂದೆ ಕುಳಿತವರಾಗಲಿ, ಶಿರಸ್ತ್ರಾಣ ಧರಿಸಬೇಕು. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ ಇದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ತಕ್ಕ ಶಿರಸ್ತ್ರಾಣ ಮತ್ತು ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಐಎಸ್ 4151 ಎಂಬ ಮಾನಕದ ಐಎಸ್ಐ ಮುದ್ರೆಯುಳ್ಳ ಹೆಲ್ಮೆಟ್ಟನ್ನೇ ಕೊಳ್ಳಿ. ಗದ್ದದ ಪಟ್ಟಿಯನ್ನು ಬಿಗಿಯದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲೇ ದೂರ ಹಾರುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ನೋಡಲು ಸರಿಯಿದ್ದರೂ ಅದನ್ನು ಬದಲಿಸಬೇಕು.

ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಸ್ಕೂಟರ್ ಕಲಿಸಿಕೊಡಿ ಎಂದು ಕೇಳಿದಾಗ, ಎಲ್ಲ ತಂದೆಯರಂತೆ ನಾನೂ ಹಿಂಜರಿದೆ. ಆಮೇಲೆ ಕಲಿಸಿದೆ. ಮೊದಲ ದಿನ ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಯಾರಾದರೂ ಅಡ್ಡ ಬಂದರೆ ಏನು ಮಾಡಬೇಕೆಂದು ನನ್ನನ್ನು ಕೇಳಿದಳು. "ಬಿಟ್ಟುಬಿಡು, ಹೋಗಲಿ" ಎಂದೆ. "ನೆನಪಿರಲಿ ಅಪ್ಪ" ಎಂದಳು. ಆ ಮಾತನ್ನು ಅವಳು ತನಗೆ ಹೇಳಿಕೊಂಡಳೋ ನನಗೆ ಹೇಳಿದಳೋ ನಾನು ಕೇಳಲು ಹೋಗಲಿಲ್ಲ.

ತಾವೆಲ್ಲರೂ ಇಂದು ಸಂಜೆ ಸುಖವಾಗಿ ಮನೆ ಸೇರಬೇಕೆಂಬುದು ನನ್ನ ಹಾರೈಕೆ.